ಹುಲ್ಲು ಸುಡುವ ಔಷಧಿ ನಮ್ಮ ಜೀವಕೋಶದೊಳಗೆ ಹೊಕ್ಕರೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಚಿಕ್ಕಪ್ಪ ಏಳೆಂಟು ವರ್ಷದಿಂದ ಕಳೆಗೆ ಪ್ಯಾರಾಕ್ವಾಟ್ ಹೊಡೆಯುತ್ತಾರೆ. ಗ್ಲೌಸ್ ಹಾಕಲ್ಲ. ಈ ಸಲ ಬಲಗೈಯ ಎರಡು ಉಗುರು ಬಿಳಿಚಿಕೊಂಡು ಬುಡದಿಂದ ಎದ್ದಿವೆ. ಔಷಧಿ ಹೊಡೆದ ದಿನ ಮೂಗಿನಲ್ಲಿ ರಕ್ತ ಬರುತ್ತದೆ. ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಪ್ಯಾರಾಕ್ವಾಟ್ ಮೈಟೊಕಾಂಡ್ರಿಯಾದಲ್ಲಿ ಫ್ರೀ ರಾಡಿಕಲ್ ಹುಟ್ಟಿಸಿ ಜೀವಕೋಶ ಕೊಲ್ಲುತ್ತದೆ ಎಂದು ಪುಸ್ತಕದಲ್ಲಿ ಒಂದೇ ಸಾಲು ಇದೆ. ಹುಲ್ಲಿಗೆ ಮಾಡಿದ ಔಷಧಿ, ಹಸಿರೆಲೆಯೇ ಇಲ್ಲದ ಮನುಷ್ಯನ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಸರ್? ಫ್ರೀ ರಾಡಿಕಲ್ ತಾನೇ, ಚಿಕ್ಕಪ್ಪನಿಗೆ ವಿಟಮಿನ್ ಸಿ ಮಾತ್ರೆ ಕೊಟ್ಟರೆ ಸಾಕಾ?

ಉತ್ತರ: ಮೊದಲು ಚಿಕ್ಕಪ್ಪನ ವಿಷಯ, ಪಾಠ ಆಮೇಲೆ. ಉಗುರು ಏಳುವುದು, ಮೂಗಿನಲ್ಲಿ ರಕ್ತ ಬರುವುದು, ಎರಡೂ ಪ್ಯಾರಾಕ್ವಾಟ್ ಹೊಡೆಯುವವರಲ್ಲಿ ಹಿಂದಿನಿಂದ ಕಂಡುಬಂದಿರುವ ತೊಂದರೆಗಳೇ. ಬಾಟಲಿಯ ಗಟ್ಟಿ ಔಷಧಿ ಕೈಗೆ ಪದೇ ಪದೇ ತಾಗಿದರೆ ಉಗುರು ಹಾಳಾಗುತ್ತದೆ. ಪಂಪಿನ ಹನಿಗಳು ದಪ್ಪ ಇರುವುದರಿಂದ ಹೆಚ್ಚಿನವು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಮೂಗಿನಲ್ಲೇ ಕೂತು ಒಳಪೊರೆಯನ್ನು ಸುಡುತ್ತವೆ. ಅದಕ್ಕೇ ರಕ್ತ. ಇವತ್ತಿನಿಂದಲೇ ಅವರು ಔಷಧಿ ಹೊಡೆಯುವುದನ್ನು ನಿಲ್ಲಿಸಲಿ. ಈ ವಾರವೇ ವೈದ್ಯರಿಗೆ ತೋರಿಸಿ. ಬಾಟಲಿಯ ಲೇಬಲ್ಲಿನ ಫೋಟೊ ಜೊತೆಗಿರಲಿ, 'ಕಳೆ ಔಷಧಿ' ಅಂದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಕಿಡ್ನಿ ಹೇಗಿದೆ ಎಂದು ನೋಡಲು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಲು ಹೇಳಬಹುದು. ಹೇಳಿದರೆ ಮಾಡಿಸಿ. ವಿಟಮಿನ್ ಸಿ ಸಾಕಾ ಅಂದಿರಿ. ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಇದಕ್ಕೆ ನಾನು ಬೋರ್ಡಿನ ಮೇಲೆ ಏನೂ ಬರೆಯುತ್ತಿರಲಿಲ್ಲ. ಒಂದು ಟೆಸ್ಟ್ ಟ್ಯೂಬ್ ತರುತ್ತಿದ್ದೆ. ಅದರಲ್ಲಿ ನೀರಿನ ಹಾಗೆ ಬಣ್ಣವಿಲ್ಲದ ದ್ರಾವಣ, ಮೀಥೈಲ್ ವಯೊಲೊಜೆನ್. ಚಿಟಿಕೆಯಷ್ಟು ಸೋಡಿಯಂ ಡೈಥಯೊನೈಟ್ ಎಂಬ ಬಿಳಿ ಪುಡಿ ಹಾಕಿದರೆ ಇಡೀ ಟ್ಯೂಬು ಕಡುನೀಲಿ. ಶಾಯಿ ಸುರಿದ ಹಾಗೆ. ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಜೋರಾಗಿ ಕುಲುಕಿ ಅನ್ನುತ್ತಿದ್ದೆ, ಗ್ಲೌಸ್ ಹಾಕಿಸಿಯೇ. ಕುಲುಕಿದಾಗ ಗಾಳಿ ಬೆರೆಯುತ್ತದೆ, ನೀಲಿ ಮಾಯ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಸುಮ್ನೆ ಬಿಟ್ಟರೆ ಮತ್ತೆ ನೀಲಿ. ಮತ್ತೆ ಕುಲುಕಿದರೆ ಮತ್ತೆ ಮಾಯ. ಬಿಳಿ ಪುಡಿ ಮುಗಿಯುವವರೆಗೆ ಈ ಆಟ ನಡೆಯುತ್ತದೆ. 'ಸರ್, ಬಣ್ಣ ಎಲ್ಲಿಗೆ ಹೋಯ್ತು?' ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಆಗ ಹೇಳುತ್ತಿದ್ದೆ, ಇದರ ಇನ್ನೊಂದು ಹೆಸರು ಪ್ಯಾರಾಕ್ವಾಟ್ ಅಂತ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ನಡೆದದ್ದು ಇಷ್ಟೇ. ಬಿಳಿ ಪುಡಿ ಪ್ಯಾರಾಕ್ವಾಟ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟಿತು. ಎಲೆಕ್ಟ್ರಾನ್ ಹೊತ್ತ ಪ್ಯಾರಾಕ್ವಾಟ್ ನೀಲಿ. ಗಾಳಿಯಲ್ಲಿದ್ದ ಆಮ್ಲಜನಕ ಸಿಕ್ಕಿದ ಕೂಡಲೇ ಆ ಎಲೆಕ್ಟ್ರಾನನ್ನು ಅದರ ತಲೆಗೆ ಕಟ್ಟಿ, ತಾನು ಮೊದಲಿನಂತೆ ಬಣ್ಣವಿಲ್ಲದ ಪ್ಯಾರಾಕ್ವಾಟ್ ಆಯಿತು. ಖಾಲಿ ಕೈಯಲ್ಲಿ ವಾಪಸ್ ಬಂದು ಇನ್ನೊಂದು ಎಲೆಕ್ಟ್ರಾನಿಗೆ ಕೈಚಾಚಿತು. ಈ ಗಲಾಟೆಯಲ್ಲಿ ಪ್ಯಾರಾಕ್ವಾಟ್ ಖರ್ಚಾಗುವುದೇ ಇಲ್ಲ, ಗಮನಿಸಿ. ಖರ್ಚಾಗುವುದು ಎಲೆಕ್ಟ್ರಾನ್ ಕೊಡುವವರದು, ಕೆಡುವುದು ಆಮ್ಲಜನಕದ್ದು. ಮಧ್ಯದ ದಲ್ಲಾಳಿಗೆ ಏನೂ ನಷ್ಟವಿಲ್ಲ. ಹುಲ್ಲಿನಲ್ಲಿ, ಮನುಷ್ಯನಲ್ಲಿ, ಬ್ಯಾಕ್ಟೀರಿಯಾದಲ್ಲಿ ಈ ಪದಾರ್ಥ ಮಾಡುವ ಕೆಲಸ ಇದೊಂದೇ.

ಇದು ಕಳೆ ಕೊಲ್ಲಲೆಂದು ಹುಟ್ಟಿದ ರಾಸಾಯನಿಕವೂ ಅಲ್ಲ. 1882ರಲ್ಲೇ ತಯಾರಾಗಿತ್ತು. 1930ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಬಣ್ಣ ಬದಲಿಸುವ ಸೂಚಕವಾಗಿ ಬಳಕೆಗೆ ಬಂತು. ವಯೊಲೊಜೆನ್ ಎಂಬ ಹೆಸರು ಆ ಬಣ್ಣದಿಂದಲೇ ಬಂದದ್ದು. ಗಿಡ ಸುಡುವ ಗುಣ ಗೊತ್ತಾಗಿದ್ದು 1955ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಜೆಲಾಟ್ಸ್ ಹಿಲ್ ಸಂಶೋಧನಾ ಕೇಂದ್ರದಲ್ಲಿ. 1962ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಶೇ. 24ರ ದ್ರಾವಣ.

ಹುಲ್ಲಿನಲ್ಲಿ ಎಲೆಕ್ಟ್ರಾನ್ ಕೊಡುವವರು ಯಾರು? ಬಿಸಿಲು. ಎಲೆಯ ಹಸಿರು ಕಣಗಳೊಳಗೆ, ಅಂದರೆ ಕ್ಲೋರೋಪ್ಲಾಸ್ಟ್‌ಗಳಲ್ಲಿ, ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಓಡುತ್ತವೆ. ಫೋಟೊಸಿಸ್ಟಮ್ ಒಂದು ಎಂಬ ಜಾಗದಲ್ಲಿ ಪ್ಯಾರಾಕ್ವಾಟ್ ಅವನ್ನು ಎಗರಿಸಿ ಆಮ್ಲಜನಕಕ್ಕೆ ಕೊಡುತ್ತದೆ. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಹುಲ್ಲು ಬಾಡಿ ಕಂದಾಗುವುದು ಇದರಿಂದ. ಸಂಜೆ ಹೊಡೆದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದು ಅನುಭವಸ್ಥರು ಹೇಳುವುದನ್ನು ಕೇಳಿರಬಹುದು. ನಿಜವೇ. ಕತ್ತಲಲ್ಲಿ ಎಲೆಕ್ಟ್ರಾನ್ ಓಟ ಇಲ್ಲ, ಎಲೆ ಸುಡುವುದಿಲ್ಲ. ಅಷ್ಟರಲ್ಲಿ ಔಷಧಿ ಎಲೆಯೊಳಗೆ ಹರಡಿಕೊಂಡಿರುತ್ತದೆ. ಬೆಳಗಾಗಿ ಬಿಸಿಲು ಬಿದ್ದ ಮೇಲೆ ಒಟ್ಟಿಗೇ ಸುಡುತ್ತದೆ.

ಮನುಷ್ಯನಿಗೆ ಹಸಿರು ಕಣ ಇಲ್ಲ, ಸರಿ. ಆದರೆ ಎಲೆಕ್ಟ್ರಾನ್ ಓಟ ಇದೆಯಲ್ಲ. ನಾವು ತಿಂದ ಅನ್ನ ಕೊನೆಗೆ ಎಲೆಕ್ಟ್ರಾನ್ ಆಗಿಯೇ ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಒಳಪೊರೆಗೆ ಬರುತ್ತದೆ. ತಾರಸಿಗೆ ಮೋಲ್ಡ್ ಹಾಕುವ ದಿನ ನೆನಪಿಸಿಕೊಳ್ಳಿ. ಕೆಳಗೆ ಮಿಕ್ಸರ್. ಅಲ್ಲಿಂದ ಸಾರ್ವೆಯ ಮೇಲೆ ತಾರಸಿಯವರೆಗೂ ಜನ ಸಾಲಾಗಿ ನಿಂತಿರುತ್ತಾರೆ. ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದೆ. ಮೈಟೊಕಾಂಡ್ರಿಯಾದಲ್ಲೂ ಅಂಥದ್ದೇ ಸಾಲು. ಎನ್‌ಎಡಿಎಚ್ ಎಂಬುದು ಬಾಂಡ್ಲಿ ತುಂಬಿ ಕೊಡುವವ. ಪೊರೆಯಲ್ಲಿರುವ ಪ್ರೊಟೀನು ಗುಂಪುಗಳಲ್ಲಿ ಮೊದಲನೆಯದಾದ ಕಾಂಪ್ಲೆಕ್ಸ್ ಒಂದು ಅದನ್ನು ತೆಗೆದುಕೊಂಡು ಕೋಎನ್‌ಜೈಮ್ ಕ್ಯೂಗೆ ಕೊಡುತ್ತದೆ, ಅದು ಕಾಂಪ್ಲೆಕ್ಸ್ ಮೂರಕ್ಕೆ, ಅಲ್ಲಿಂದ ಸೈಟೊಕ್ರೋಮ್ ಸಿಗೆ, ಕೊನೆಗೆ ಕಾಂಪ್ಲೆಕ್ಸ್ ನಾಲ್ಕಕ್ಕೆ. ಅಲ್ಲಿ ಆಮ್ಲಜನಕ ಕಾಯುತ್ತಿರುತ್ತದೆ. ನಾಲ್ಕು ಎಲೆಕ್ಟ್ರಾನ್ ಒಟ್ಟಿಗೆ ಸಿಕ್ಕರೆ ಅದು ತಣ್ಣಗೆ ನೀರಾಗುತ್ತದೆ. ಈ ಓಟದ ಶಕ್ತಿಯಿಂದಲೇ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುವುದು.

ಆ ಸಾಲಿನ ಪಕ್ಕಕ್ಕೆ ಒಬ್ಬ ಪೋಕರಿ ಬಂದು ನಿಂತ ಅನ್ನಿ. ಮೊದಲನೆಯವನ ಕೈಯಿಂದ ಬಾಂಡ್ಲಿ ಕಿತ್ತುಕೊಂಡ, ರಸ್ತೆಯಲ್ಲಿ ಹೋಗುವವನ ತಲೆ ಮೇಲೆ ಸುರಿದ, ಖಾಲಿ ಬಾಂಡ್ಲಿ ಹಿಡಿದು ಮತ್ತೆ ಬಂದು ನಿಂತ. ತಾರಸಿಗೆ ಕಾಂಕ್ರೀಟ್ ಸೇರಲಿಲ್ಲ, ದಾರಿಹೋಕನ ಗತಿ ಕೇಳುವಂತಿಲ್ಲ. ಇದೇ ಕೆಲಸವನ್ನು ಪ್ಯಾರಾಕ್ವಾಟ್ ಕಾಂಪ್ಲೆಕ್ಸ್ ಒಂದರ ಹತ್ತಿರ ಮಾಡುತ್ತದೆ. ಕಾಂಪ್ಲೆಕ್ಸ್ ಮೂರರ ಪಾತ್ರವನ್ನೂ ಕೆಲವು ಪ್ರಯೋಗಗಳು ತೋರಿಸಿವೆ. ಮೈಟೊಕಾಂಡ್ರಿಯಾದ ಹೊರಗೂ ಅದಕ್ಕೆ ಎಲೆಕ್ಟ್ರಾನ್ ಕೊಡುವವರಿದ್ದಾರೆ. ಸೈಟೊಕ್ರೋಮ್ ಪಿ450 ರಿಡಕ್ಟೇಸ್ ಎಂಬ ಕಿಣ್ವ ಅದರಲ್ಲಿ ಮುಖ್ಯ. ಹಾಗಾಗಿ ನಿಮ್ಮ ಪುಸ್ತಕದ ಆ ಒಂದು ಸಾಲು ತಪ್ಪಲ್ಲ, ಆದರೆ ಮೈಟೊಕಾಂಡ್ರಿಯಾ ಒಂದೇ ಅಡ್ಡೆ ಅಂದುಕೊಳ್ಳಬೇಡಿ.

ಮೈಟೊಕಾಂಡ್ರಿಯಾ ಅಷ್ಟು ಮುಖ್ಯ ಅಡ್ಡೆ ಆಗಿದ್ದು ಯಾಕೆ? ಪ್ಯಾರಾಕ್ವಾಟ್ ಅಣುವಿಗೆ ಎರಡು ಧನ ವಿದ್ಯುದಂಶ ಇದೆ, ಪ್ಲಸ್ ಚಾರ್ಜು. ಮೈಟೊಕಾಂಡ್ರಿಯಾದ ಒಳಗಡೆ ಹೊರಗಿಗಿಂತ ಮೈನಸ್. ಪ್ಲಸ್ಸನ್ನು ಮೈನಸ್ ಸೆಳೆಯುತ್ತದೆ. ಅಲ್ಲಿರುವ ಈ ವೋಲ್ಟೇಜು ಎಟಿಪಿ ಮಾಡಲಿಕ್ಕೆಂದು ಜೀವಕೋಶ ಕಷ್ಟಪಟ್ಟು ಕಟ್ಟಿಕೊಂಡದ್ದು. ಅದೇ ವಿಷವನ್ನೂ ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ಚೆನ್ನಾಗಿ ದುಡಿಯುವ ಮೈಟೊಕಾಂಡ್ರಿಯಾಕ್ಕೇ ಜಾಸ್ತಿ ಏಟು!

ಇನ್ನು ದಾರಿಹೋಕನ, ಅಂದರೆ ಆಮ್ಲಜನಕದ ಕಥೆ. ಒಂದೇ ಒಂದು ಎಲೆಕ್ಟ್ರಾನ್ ಹೆಚ್ಚುವರಿ ಸಿಕ್ಕ ಆಮ್ಲಜನಕಕ್ಕೆ ಸೂಪರ್‌ಆಕ್ಸೈಡ್ ಅನ್ನುತ್ತಾರೆ. ಎಲೆಕ್ಟ್ರಾನ್‌ಗಳು ಜೋಡಿಯಾಗಿದ್ದರೆ ಶಾಂತ, ಒಂಟಿಯಾದರೆ ಕಾಟ. ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡ ಅಣುವೇ ಫ್ರೀ ರಾಡಿಕಲ್. ಸೂಪರ್‌ಆಕ್ಸೈಡ್ ಆರೋಗ್ಯವಂತರಲ್ಲೂ ಹುಟ್ಟುತ್ತದೆ. ನಾವು ಉಸಿರಾಡಿದ ಆಮ್ಲಜನಕದಲ್ಲಿ ಶೇ. 1ರಿಂದ 2ರಷ್ಟು ಹೀಗಾಗುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಅದು ಮೈಟೊಕಾಂಡ್ರಿಯಾವನ್ನು ಹೊರತೆಗೆದು ಟ್ಯೂಬಿನಲ್ಲಿ ಅಳೆದ ಲೆಕ್ಕ. ಬದುಕಿರುವ ದೇಹದಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಪರೀಕ್ಷೆಯಲ್ಲಿ ಶೇ. 2 ಎಂದು ಬರೆದರೆ ಅಂಕ ಬರುತ್ತದೆ, ಬರೆಯಿರಿ. ಆದರೆ ನಂಬಬೇಡಿ.

ಈ ದಿನನಿತ್ಯದ ಸೋರಿಕೆ ಒರೆಸಲು ಜೀವಕೋಶದಲ್ಲಿ ಆಳುಕಾಳು ಇದ್ದೇ ಇದೆ. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಇದರ ಕೆಲಸ ತೋರಿಸಿಕೊಟ್ಟರು. ಮೈಟೊಕಾಂಡ್ರಿಯಾಕ್ಕೆಂದೇ ಮ್ಯಾಂಗನೀಸ್ ಇರುವ ಬೇರೆ ಬಗೆ ಇದೆ. ಆ ಒಂದು ಕಿಣ್ವ ಇಲ್ಲದಂತೆ ಮಾಡಿದ ಇಲಿಮರಿಗಳು ಹುಟ್ಟಿ ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ ಬದುಕಿದವು. ಪ್ಯಾರಾಕ್ವಾಟ್ ಮಾತೇ ಇಲ್ಲ ಅಲ್ಲಿ, ಬರೀ ಉಸಿರಾಟದ ಸೋರಿಕೆಗೇ ಆ ಸ್ಥಿತಿ. ಹೈಡ್ರೋಜನ್ ಪೆರಾಕ್ಸೈಡ್ ಎಂದರೆ ಗಾಯಕ್ಕೆ ಹಾಕಿದಾಗ ಬುರುಬುರು ನೊರೆ ಬರುತ್ತದಲ್ಲ, ಅದೇ. ಅದನ್ನು ಕ್ಯಾಟಲೇಸ್ ಎಂಬ ಕಿಣ್ವ ಮತ್ತು ಗ್ಲುಟಾಥಯೋನ್ ಎಂಬ ಸಣ್ಣ ಅಣು ಸೇರಿ ನೀರು ಮಾಡುತ್ತವೆ. ಅಲ್ಲಿಗೆ ಕಥೆ ಸುಖಾಂತ.

ಪ್ಯಾರಾಕ್ವಾಟ್ ಬಂದರೆ ಆಗುವುದು ಎರಡು ಕಡೆಯ ಲೂಟಿ. ಒಂದು ಕಡೆ ಸೂಪರ್‌ಆಕ್ಸೈಡ್ ಸುರಿಯುತ್ತಲೇ ಇರುತ್ತದೆ, ಒರೆಸುವವರು ಸುಸ್ತು. ಇನ್ನೊಂದು ಕಡೆ, ಬಳಸಿದ ಗ್ಲುಟಾಥಯೋನನ್ನು ಮತ್ತೆ ಸಿದ್ಧಮಾಡಲು ಎನ್‌ಎಡಿಪಿಎಚ್ ಎಂಬ, ಎಲೆಕ್ಟ್ರಾನ್ ಕೊಡುವ ಇನ್ನೊಂದು ಅಣು ಬೇಕು. ಅದನ್ನೂ ಪ್ಯಾರಾಕ್ವಾಟ್ ತನ್ನ ಓಡಾಟಕ್ಕೆ ಖರ್ಚು ಮಾಡಿಸುತ್ತಿರುತ್ತದೆ. ಮನೆಗೆ ಬೆಂಕಿ ಇಟ್ಟವನೇ ಬಾವಿಯ ಹಗ್ಗವನ್ನೂ ಕದ್ದುಕೊಂಡು ಹೋದ ಹಾಗೆ. ಪ್ಯಾರಾಕ್ವಾಟ್ ಬಗ್ಗೆ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮಾತ್ರೆ ರೂಪದ ಆಂಟಿಆಕ್ಸಿಡೆಂಟ್, ಅಂದರೆ ಫ್ರೀ ರಾಡಿಕಲ್ ತಣಿಸುವ ಪದಾರ್ಥ, ಯಾಕೆ ಸೋಲುತ್ತದೆ ಎನ್ನುವುದೂ ಇಲ್ಲೇ ಇದೆ.

ಇದರ ಮಧ್ಯೆ ಕಬ್ಬಿಣ ಬರುತ್ತದೆ. ಮೈಟೊಕಾಂಡ್ರಿಯಾದ ಎಷ್ಟೋ ಪ್ರೊಟೀನುಗಳಲ್ಲಿ ಕಬ್ಬಿಣ ಮತ್ತು ಗಂಧಕದ ಗೊಂಚಲುಗಳಿವೆ. ಸೂಪರ್‌ಆಕ್ಸೈಡ್ ಅವನ್ನು ಒಡೆದು ಕಬ್ಬಿಣವನ್ನು ಬಿಡಿಸುತ್ತದೆ. ಬಿಡಿ ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕರೆ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಫೆಂಟನ್ ಕ್ರಿಯೆ ಎಂದು ಓದಿರುತ್ತೀರಿ. ಇದನ್ನು ತಡೆಯಲು ದೇಹದಲ್ಲಿ ಯಾವ ಕಿಣ್ವವೂ ಇಲ್ಲ. ಹುಟ್ಟಿದ ಜಾಗದಲ್ಲೇ, ಪಕ್ಕದಲ್ಲಿ ಯಾರಿದ್ದರೂ ಸರಿ, ಕಚ್ಚುತ್ತದೆ.

ಪಕ್ಕದಲ್ಲಿ ಇರುವುದು ಪೊರೆಯ ಕೊಬ್ಬು. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಕಮಟು ವಾಸನೆ ಹೊಡೆಯುತ್ತದಲ್ಲ? ಜೀವಕೋಶದೊಳಗೆ ಅದೇ ಕ್ಷಣಾರ್ಧದಲ್ಲಿ ನಡೆಯುತ್ತದೆ. ಒಂದು ಕೊಬ್ಬಿನ ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಒಳಪೊರೆಯಲ್ಲಿ ಕಾರ್ಡಿಯೊಲಿಪಿನ್ ಎಂಬ ವಿಶೇಷ ಕೊಬ್ಬು ಇದೆ, ಸೈಟೊಕ್ರೋಮ್ ಸಿಯನ್ನು ಪೊರೆಗೆ ಹಿಡಿದಿಟ್ಟುಕೊಳ್ಳುವುದು ಅದೇ. ಅದು ಕೆಟ್ಟರೆ ಹಿಡಿತ ಸಡಿಲ. ಸೈಟೊಕ್ರೋಮ್ ಸಿ ಮೈಟೊಕಾಂಡ್ರಿಯಾದಿಂದ ಹೊರಬಿದ್ದರೆ ಜೀವಕೋಶ ಅದನ್ನು ಸಾವಿನ ಆದೇಶ ಎಂದೇ ಓದಿಕೊಳ್ಳುತ್ತದೆ. ಕ್ಯಾಸ್ಪೇಸ್ ಎಂಬ ಕತ್ತರಿಗಳು ಎದ್ದು ಜೀವಕೋಶವನ್ನು ಒಳಗಿನಿಂದಲೇ ತುಂಡು ಮಾಡುತ್ತವೆ. ಇದು ಅಪಾಪ್ಟೋಸಿಸ್. ಹಾನಿ ಇನ್ನೂ ಜಾಸ್ತಿಯಾಗಿ ಎಟಿಪಿಯೇ ಮುಗಿದುಹೋದರೆ ಈ ಕ್ರಮಬದ್ಧ ಸಾವಿಗೂ ಶಕ್ತಿ ಉಳಿಯುವುದಿಲ್ಲ. ಜೀವಕೋಶ ಊದಿ ಒಡೆಯುತ್ತದೆ, ಒಳಗಿನದೆಲ್ಲ ಸುತ್ತ ಚೆಲ್ಲುತ್ತದೆ, ಸುತ್ತಲೂ ಉರಿಯೂತ.

ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಕೂಡ ಇದೆ. 16,569 ಅಕ್ಷರಗಳ ಪುಟ್ಟ ಉಂಗುರ, 37 ಜೀನ್. ಎಲೆಕ್ಟ್ರಾನ್ ಓಡುವ ಪೊರೆಗೆ ಅಂಟಿಕೊಂಡೇ ಇರುತ್ತದೆ, ಹಿಸ್ಟೋನ್ ಎಂಬ ಪ್ರೊಟೀನಿನ ಹೊದಿಕೆಯೂ ಇಲ್ಲ. ಅಡುಗೆ ಒಲೆಯ ಪಕ್ಕ ಜಮೀನಿನ ಪತ್ರ ಇಟ್ಟ ಹಾಗೆ. ಅದರಲ್ಲಿ ಬರೆದಿರುವುದು ಇದೇ ಸಾಲಿನ ಕೆಲಸಗಾರರ ವಿವರ. ಅದು ಸುಟ್ಟರೆ ಮುಂದೆ ತಯಾರಾಗುವ ಕಾಂಪ್ಲೆಕ್ಸುಗಳೂ ಊನ, ಸೋರಿಕೆ ಇನ್ನೂ ಜಾಸ್ತಿ.

ಇಷ್ಟೆಲ್ಲ ಎಲ್ಲ ಅಂಗದಲ್ಲೂ ಸಮನಾಗಿ ಆಗುವುದಿಲ್ಲ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದವರಲ್ಲಿ ಅತಿ ಹೆಚ್ಚು ಹಾಳಾಗುವುದು ಶ್ವಾಸಕೋಶ. ಬಾಯಿಯಿಂದ ಹೋದದ್ದು ಶ್ವಾಸಕೋಶವನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ? ಅಲ್ಲಿನ ಗಾಳಿಗೂಡಿನ ಜೀವಕೋಶಗಳಿಗೆ ಪುಟ್ರೆಸಿನ್, ಸ್ಪರ್ಮಿಡಿನ್ ಎಂಬ ಪಾಲಿಅಮೀನುಗಳು ಬೇಕು. ಅವನ್ನು ರಕ್ತದಿಂದ ಎಳೆದುಕೊಳ್ಳಲು ಪೊರೆಯಲ್ಲಿ ಒಂದು ಬಾಗಿಲಿದೆ. ಪಾಲಿಅಮೀನಿನ ಎರಡು ಪ್ಲಸ್ ಚಾರ್ಜುಗಳ ನಡುವೆ ಎಷ್ಟು ದೂರವೋ ಪ್ಯಾರಾಕ್ವಾಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಾಗಿಲಿನ ಕಾವಲುಗಾರನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕರೆದು ಒಳಗೆ ಬಿಡುತ್ತಾನೆ. ರಕ್ತದಲ್ಲಿ ಮಟ್ಟ ಇಳಿದ ಮೇಲೂ ಶ್ವಾಸಕೋಶದಲ್ಲಿ ಏರುತ್ತಲೇ ಇರುತ್ತದೆ. ಮೇಲಾಗಿ, ದೇಹದಲ್ಲಿ ಆಮ್ಲಜನಕ ಅತಿ ಹೆಚ್ಚಿರುವ ಜಾಗವೂ ಅದೇ. ಎಲೆಕ್ಟ್ರಾನ್ ಹೊತ್ತ ಪ್ಯಾರಾಕ್ವಾಟ್, ಸುತ್ತ ಬೇಕಾದಷ್ಟು ಆಮ್ಲಜನಕ. ಕುಲುಕುತ್ತಲೇ ಇರುವ ಟೆಸ್ಟ್ ಟ್ಯೂಬು.

ಹೀಗಾಗಿ ಚಿಕಿತ್ಸೆಯಲ್ಲಿ ಒಂದು ವಿಚಿತ್ರ ನಿಯಮ ಇದೆ. ಉಸಿರಿಗೆ ಕಷ್ಟಪಡುವ ಯಾವ ರೋಗಿಗಾದರೂ ಮೊದಲು ಆಕ್ಸಿಜನ್ ಮಾಸ್ಕ್ ಹಾಕುತ್ತಾರೆ, ಅಲ್ವಾ? ಪ್ಯಾರಾಕ್ವಾಟ್ ರೋಗಿಗೆ ರಕ್ತದ ಆಮ್ಲಜನಕ ತೀರಾ ಇಳಿಯುವವರೆಗೆ ಕೊಡದೆ ತಡೆಯುತ್ತಾರೆ. ಕೊಟ್ಟಷ್ಟೂ ಬೆಂಕಿಗೆ ಗಾಳಿ ಹಾಕಿದಂತೆ. ಮನೆಯವರು 'ಆಕ್ಸಿಜನ್ ಕೂಡ ಕೊಡುತ್ತಿಲ್ಲ' ಎಂದು ವಾರ್ಡಿನ ಮುಂದೆ ಜಗಳಕ್ಕೆ ನಿಲ್ಲುವುದುಂಟು. ಯಾಕೆ ಕೊಡುತ್ತಿಲ್ಲ ಎಂದು ಬಿಡಿಸಿ ಹೇಳಲು ಆ ಹೊತ್ತಿನಲ್ಲಿ ವೈದ್ಯರಿಗೆ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ಮೋಸ ಇದೆ. ಆಕಸ್ಮಿಕವಾಗಿ ನುಂಗಿದವರು ಮೊದಲ ದಿನ ಚೆನ್ನಾಗಿ ಮಾತಾಡುತ್ತಾ ಕೂತಿರಬಹುದು. ಬಾಯಲ್ಲಿ, ಗಂಟಲಲ್ಲಿ ಉರಿ, ಹುಣ್ಣು, ಅಷ್ಟೇ. 'ಏನೂ ಆಗಿಲ್ಲ' ಎಂದು ಮನೆಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಕಿಡ್ನಿಯ ಜೀವಕೋಶಗಳು ಸಾಯುತ್ತಿರುತ್ತವೆ. ಈ ವಿಷವನ್ನು ದೇಹ ಒಡೆಯುವುದಿಲ್ಲ, ಇದ್ದ ಹಾಗೇ ಮೂತ್ರದಲ್ಲಿ ಹೊರಹಾಕುತ್ತದೆ. ಹೊರಹಾಕುವ ಕಿಡ್ನಿಯೇ ಕೆಟ್ಟರೆ ವಿಷ ಅಲ್ಲೇ ಉಳಿದು ಶ್ವಾಸಕೋಶ ಸೇರುತ್ತದೆ. ದಿನಗಳು, ವಾರಗಳು ಕಳೆದಂತೆ ಸತ್ತ ಗಾಳಿಗೂಡುಗಳ ಜಾಗದಲ್ಲಿ ನಾರು ಬೆಳೆದು ಶ್ವಾಸಕೋಶ ಗಟ್ಟಿಯಾಗುತ್ತದೆ. ರೋಗಿಗೆ ಕೊನೆಯವರೆಗೂ ಎಚ್ಚರ ಇರುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಅನುಮಾನ ಬಂದರೆ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ, ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ಆಸ್ಪತ್ರೆಯಲ್ಲಿ ಮೂತ್ರಕ್ಕೆ ಸ್ವಲ್ಪ ಕ್ಷಾರ ಮತ್ತು ಡೈಥಯೊನೈಟ್ ಹಾಕಿ ನೋಡುತ್ತಾರೆ. ನೀಲಿ ಬಂದರೆ ಪ್ಯಾರಾಕ್ವಾಟ್. ನನ್ನ ತರಗತಿಯ ಅದೇ ಬಿಳಿ ಪುಡಿ, ಅದೇ ನೀಲಿ. ಅಲ್ಲಿ ಮಾತ್ರ ಆ ಬಣ್ಣ ನೋಡಿ ಯಾರೂ ಬೆರಗಾಗುವುದಿಲ್ಲ.

ಮೊದಲ ಗಂಟೆಗಳಲ್ಲಿ ಇದ್ದಿಲ ಪುಡಿ ಅಥವಾ ಫುಲ್ಲರ್ಸ್ ಅರ್ಥ್ ಎಂಬ ಜೇಡಿಮಣ್ಣು ಕೊಡುವುದುಂಟು. ಮುಲ್ತಾನಿ ಮಿಟ್ಟಿಯ ಜಾತಿಯದ್ದು. ಮಣ್ಣು ಯಾಕೆ? ನಿಮ್ಮ ಚಿಕ್ಕಪ್ಪನನ್ನೇ ಕೇಳಿ, ಹಳ್ಳದ ಕದಡಿದ ನೀರಲ್ಲಿ ಈ ಔಷಧಿ ಕಲೆಸಿದರೆ ಹುಲ್ಲಿಗೆ ಹಿಡಿಯಲ್ಲ ಎಂದು ಅವರೇ ಹೇಳುತ್ತಾರೆ. ಜೇಡಿಮಣ್ಣಿನ ಕಣಗಳಿಗೆ ಮೈನಸ್ ಚಾರ್ಜು. ಪ್ಯಾರಾಕ್ವಾಟ್ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೈಕಟ್ಟಿ ಕೂರುತ್ತದೆ. ನೆಲಕ್ಕೆ ಬಿದ್ದದ್ದು ಬೇರಿಗೆ ಹತ್ತದಿರುವುದೂ ಇದರಿಂದಲೇ. ಮೈಟೊಕಾಂಡ್ರಿಯಾದ ಒಳಕ್ಕೆ ಎಳೆದ ಅದೇ ಚಾರ್ಜು ಇಲ್ಲಿ ನಮಗೆ ಸ್ವಲ್ಪ ಉಪಕಾರಿ. ಆದರೆ ಹೊಟ್ಟೆಯಲ್ಲಿ ಇರುವಷ್ಟು ಹೊತ್ತು ಮಾತ್ರ. ರಕ್ತಕ್ಕೆ ಸೇರಿದ್ದನ್ನು ಮಣ್ಣು ಹಿಡಿಯುವುದಿಲ್ಲ, ಅದು ಕೆಲವೇ ಗಂಟೆಗಳಲ್ಲಿ ಸೇರಿಬಿಡುತ್ತದೆ. ಇದು ಮನೆಮದ್ದೂ ಅಲ್ಲ, ಆಸ್ಪತ್ರೆಗೆ ಹೋಗುವುದನ್ನು ಇದಕ್ಕಾಗಿ ತಡಮಾಡಬೇಡಿ.

ವಿಟಮಿನ್ ಸಿಗೆ ಬರೋಣ. ಫ್ರೀ ರಾಡಿಕಲ್ ಸಮಸ್ಯೆ ಎಂದ ಮೇಲೆ ಆಂಟಿಆಕ್ಸಿಡೆಂಟ್ ಕೊಟ್ಟರಾಯಿತು ಅನ್ನುವುದು ಸಹಜ ಯೋಚನೆ. ವೈದ್ಯರಿಗೂ ಬಂದಿತ್ತು. ವಿಟಮಿನ್ ಸಿ, ವಿಟಮಿನ್ ಇ, ಎನ್-ಅಸಿಟೈಲ್ ಸಿಸ್ಟೀನ್, ಕಬ್ಬಿಣ ಹಿಡಿಯುವ ಡೆಫರಾಕ್ಸಮಿನ್, ಎಲ್ಲವನ್ನೂ ನೋಡಿದ್ದಾಯಿತು. ನಂಬಿ ಕೂರುವಂಥ ಫಲ ಯಾವುದರಿಂದಲೂ ಸಿಕ್ಕಿಲ್ಲ. ಪೋಕರಿ ಸಾಲಿನ ಪಕ್ಕದಲ್ಲೇ ನಿಂತಿದ್ದಾನೆ, ನೀವು ಕೆಳಗೆ ರಸ್ತೆ ಗುಡಿಸುತ್ತಿದ್ದೀರಿ. ಎಷ್ಟು ಅಂತ ಗುಡಿಸುತ್ತೀರಿ? ಅದೂ ಅಲ್ಲದೆ, ಬಿಡಿ ಕಬ್ಬಿಣ ಇರುವ ಕಡೆ ವಿಟಮಿನ್ ಸಿ ಆ ಕಬ್ಬಿಣಕ್ಕೇ ಎಲೆಕ್ಟ್ರಾನ್ ಕೊಟ್ಟು ಫೆಂಟನ್ ಕ್ರಿಯೆಗೆ ಮತ್ತೆ ಅಣಿ ಮಾಡಬಲ್ಲದು. ಚಿಕ್ಕಪ್ಪ ನೆಲ್ಲಿಕಾಯಿ, ನಿಂಬೆಹಣ್ಣು ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ 'ಮಾತ್ರೆ ತಗೊಂಡಿದ್ದೀನಲ್ಲ' ಎಂದು ಬರಿಗೈಯಲ್ಲಿ ಬಾಟಲಿ ಮುಚ್ಚಳ ತೆಗೆಯುವಂತಾದರೆ ಆ ಮಾತ್ರೆ ಹಾನಿಯೇ.

ಬಿ.ಎಸ್ಸಿ. ವಿದ್ಯಾರ್ಥಿ ನೀವು, ಇನ್ನೆರಡು ವಿಷಯ ಸೇರಿಸುತ್ತೇನೆ. ಎಲ್ಲ ಕಳೆನಾಶಕವೂ ಹೀಗೇ ಕೆಲಸ ಮಾಡುವುದಿಲ್ಲ. ಗ್ಲೈಫೊಸೇಟ್ ಗಿಡದಲ್ಲಿ ಕೆಲವು ಅಮೈನೊ ಆಮ್ಲ ತಯಾರಾಗುವ ದಾರಿಯನ್ನು ತಡೆಯುತ್ತದೆ. 2,4-ಡಿ ಗಿಡದ ಹಾರ್ಮೋನಿನ ವೇಷ ಹಾಕುತ್ತದೆ. ಅಂಗಡಿಯಲ್ಲಿ ಎಲ್ಲಕ್ಕೂ 'ಹುಲ್ಲಿನ ಔಷಧಿ' ಎಂಬ ಒಂದೇ ಹೆಸರು, ಅದೇ ಗೊಂದಲ. ಪ್ಯಾರಾಕ್ವಾಟ್‌ನ ಖಾಸಾ ತಮ್ಮ ಅಂದರೆ ಡೈಕ್ವಾಟ್. ಮೈಟೊಕಾಂಡ್ರಿಯಾಕ್ಕೆ ಬೇರೆ ರೀತಿಯಲ್ಲಿ ಏಟು ಕೊಡುವುದು ರೊಟೆನೋನ್, ಅದು ಬೇರುಗಳಿಂದ ತೆಗೆಯುವ ಕೀಟನಾಶಕ. ಅದು ಕಾಂಪ್ಲೆಕ್ಸ್ ಒಂದರ ಬಾಗಿಲಿಗೇ ಬೀಗ ಹಾಕುತ್ತದೆ. ಮುಂದೆ ಹೋಗಲಾರದ ಎಲೆಕ್ಟ್ರಾನ್‌ಗಳು ಹಿಂದೆ ರಾಶಿಬಿದ್ದು ಆಮ್ಲಜನಕದ ಮೇಲೆ ಚೆಲ್ಲುತ್ತವೆ. ಪೋಕರಿ ಕಿತ್ತುಕೊಂಡದ್ದು ಒಂದು ಬಗೆ, ಸಾಲೇ ನಿಂತು ಬಾಂಡ್ಲಿ ತುಳುಕಿದ್ದು ಇನ್ನೊಂದು ಬಗೆ.

ಎರಡನೆಯದು ಪಾರ್ಕಿನ್ಸನ್ ಕಾಯಿಲೆ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವ ಮಾದಕವ್ಯಸನಿಗಳಿಗೆ ಇದ್ದಕ್ಕಿದ್ದಂತೆ ಮೈ ಮರಗಟ್ಟಿ, ಮುದುಕರಿಗೆ ಬರುವ ಪಾರ್ಕಿನ್ಸನ್‌ನ ಹಾಗೆ ಆಯಿತು. ಅವರು ಚುಚ್ಚಿಕೊಂಡ ಕಳ್ಳ ಮಾಲಿನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು ಎಂದು 1983ರಲ್ಲಿ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ವರದಿ ಮಾಡಿದರು. ಅದು ಮೆದುಳಿನಲ್ಲಿ ಎಂಪಿಪಿ ಪ್ಲಸ್ ಆಗಿ ಕಾಂಪ್ಲೆಕ್ಸ್ ಒಂದನ್ನು ತಡೆಯುತ್ತದೆ. ಎಂಪಿಪಿ ಪ್ಲಸ್‌ನ ರಚನೆ ಬಿಡಿಸಿ, ಪಕ್ಕದಲ್ಲಿ ಪ್ಯಾರಾಕ್ವಾಟ್ ಬಿಡಿಸಿ ನೋಡಿ. ಅಣ್ಣತಮ್ಮಂದಿರ ಹಾಗಿವೆ. ಅಲ್ಲಿಂದ ಪ್ಯಾರಾಕ್ವಾಟ್ ಮೇಲೆ ಅನುಮಾನ ಶುರುವಾಯಿತು. ಅಮೆರಿಕದಲ್ಲಿ ಕೀಟನಾಶಕ, ಕಳೆನಾಶಕ ಹೊಡೆಯುವವರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಬಳಸಿದವರಿಗೆ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಎರಡೂವರೆ ಪಟ್ಟು ಕಂಡುಬಂತು. ಕಂಪನಿಗಳು ಒಪ್ಪುವುದಿಲ್ಲ, ವಾದ ನಡೆದೇ ಇದೆ. ಈ ಎರಡು ಅಣುಗಳ ಹೋಲಿಕೆಯಿಂದಲೇ ಎಲ್ಲ ಹೇಳಿಬಿಡುವವರ ಮಾತು ನಾನು ಒಪ್ಪುವುದಿಲ್ಲ. ಎಂಪಿಪಿ ಪ್ಲಸ್ ಬೀಗ ಹಾಕುವವನು, ಪ್ಯಾರಾಕ್ವಾಟ್ ಕಿತ್ತುಕೊಳ್ಳುವವನು, ಎರಡೂ ಒಂದೇ ಅಲ್ಲ. ಆದರೆ ವಾದ ಮುಗಿಯಲಿ ಎಂದು ನಿಮ್ಮ ಚಿಕ್ಕಪ್ಪ ಬರಿಗೈಯಲ್ಲಿ ಕಾಯಬೇಕಾಗಿಲ್ಲ.

ಇದನ್ನು ಸ್ವಿಟ್ಜರ್ಲೆಂಡ್ 1989ರಲ್ಲೇ ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ ಅನುಮತಿ ರದ್ದಾಯಿತು. ನಮ್ಮ ಪಕ್ಕದ ಕೇರಳ 2011ರಲ್ಲಿ ನಿಲ್ಲಿಸಿತು. ಇಲ್ಲಿ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಸಿಕ್ಕಷ್ಟು ಕಾಲ ಅದನ್ನು ಬೀಗ ಹಾಕಿದ ಕಪಾಟಿನಲ್ಲೇ ಇಡಿ, ಜ್ಯೂಸಿನ ಬಾಟಲಿಗೋ ನೀರಿನ ಬಾಟಲಿಗೋ ಸುರಿದಿಡಬೇಡಿ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಬಾಯಾರಿ ಬಂದಾಗ ಕೈಹಾಕುತ್ತಾರೆ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಈ ಬಾಟಲಿ ಆ ಮನೆಯಲ್ಲೇ ಇರಬಾರದು. ಮಾತಾಡಲು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಚಿಕ್ಕಪ್ಪನಿಗೆ ಕೊನೆಯದಾಗಿ. ಗಾಯವಿಲ್ಲದ ಚರ್ಮದಿಂದ ಪ್ಯಾರಾಕ್ವಾಟ್ ಅಷ್ಟಾಗಿ ಒಳಗಿಳಿಯುವುದಿಲ್ಲ. ಗಾಯ, ಬಿರುಕು, ಎದ್ದ ಉಗುರಿನ ಬುಡ ಇದ್ದರೆ ಇಳಿಯುತ್ತದೆ. ಸೋರುವ ಪಂಪು ಬೆನ್ನಿಗೆ ಕಟ್ಟಿಕೊಂಡು, ಒದ್ದೆ ಅಂಗಿಯಲ್ಲೇ ದಿನವಿಡೀ ಓಡಾಡಿ ಪ್ರಾಣ ಕಳೆದುಕೊಂಡವರಿದ್ದಾರೆ. ಅವರ ಪಂಪಿನಲ್ಲಿ ನೀರು ಮಾತ್ರ ತುಂಬಿ, ಒಂದು ಹಳೆ ಬಿಳಿ ಪಂಚೆ ಬೆನ್ನಿಗೆ ಹಾಕಿಕೊಂಡು ಹತ್ತು ನಿಮಿಷ ಓಡಾಡಲು ಹೇಳಿ. ಪಂಚೆ ಎಲ್ಲಿ ಒದ್ದೆಯಾಯಿತು ನೋಡಿದರೆ ಯಾವ ವಾಷರ್ ಹೋಗಿದೆ ಎಂದು ಗೊತ್ತಾಗುತ್ತದೆ. ಬಟ್ಟೆಯ ಗ್ಲೌಸ್ ಬೇಡ, ಅದು ಔಷಧಿ ಹೀರಿ ಕೈಗೆ ಅಂಟಿಸಿಯೇ ಇಡುತ್ತದೆ. ನೈಟ್ರೈಲ್ ರಬ್ಬರಿನದು ಬೇಕು. ಹಾಗೇ ಲೇಬಲ್ಲಿನಲ್ಲಿ ಯಾವ ಬೆಳೆಗೆ ಎಂದು ಬರೆದಿದೆ ಓದಿ, ಅಡಿಕೆ ಅದರಲ್ಲಿ ಇದೆಯಾ ನೋಡಿ. ಇಲ್ಲವಾದರೆ ಈ ಮಳೆಗಾಲಕ್ಕೆ ಕಳೆ ಕೊಚ್ಚುವ ಮಿಷನ್ನು ಬಾಡಿಗೆಗೆ ತರಬಹುದು. ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬರಲು ಸುಮಾರು ಆರು ತಿಂಗಳು ಬೇಕು. ಮೂರು ತಿಂಗಳಾದ ಮೇಲೆ ಬುಡದಲ್ಲಿ ಹೊಸ ಉಗುರು ಎಷ್ಟು ಬಂದಿದೆ, ಮೂಗಿನ ರಕ್ತ ನಿಂತಿದೆಯಾ ಎಂದು ಬರೆಯಿರಿ. ಕ್ರಿಯಾಟಿನಿನ್ ಎಷ್ಟಿತ್ತು ಎನ್ನುವುದನ್ನೂ.